ಬೀಗ ಬಿದ್ದ ಖಾನೆ

"ಹಿಂದಕ್ಕ ಸರಿ ರಂಡಿ! ಕಂಪ್ಯೂಟರಿಗೆ ಮೈಲಿಗಿ ಮಾಡ್ತಿ ಏನ?"

ಠೇಕೇದಾರ ಖಂಡಪ್ಪ ಬೈದದ್ದು ಕಿಟಕಿಯಾಚೆ ನಿಂತಿದ್ದ ಭಾಗವ್ವನನ್ನು. ಭಾಗವ್ವ ನನ್ನ ಚಿಗವ್ವ, ಅವ್ವನ ತಂಗಿ. ನಾನು ಕಿಟಕಿಯ ಈಚೆ, ಟೈ ಕಟ್ಟಿಕೊಂಡು ಕೀಬೋರ್ಡಿನ ಮುಂದೆ ಕೂತಿದ್ದೆ. ಅವಳು ನನ್ನನ್ನು ನೋಡಿದಳು. ನಾನು ಪರದೆ ನೋಡಿದೆ.

ತೊಂಬತ್ತೊಂದರ ಮೇ ತಿಂಗಳು. ಮಳೆಗೆ ಮೊದಲು ವಿಕ್ರೋಳಿಯ ಗಟರುಗಳ ಹೂಳೆತ್ತಿಸುವ ಠೇಕೆ ಖಂಡಪ್ಪನದು. ಕಟ್ಟಡದ ಕೆಲಸವೂ ಅವನದೇ. ಕೂಲಿಗಳ ಹಾಜರಿಗೆಂದು ಅಂಧೇರಿಯ ನಮ್ಮ ಕಂಪನಿಯಿಂದ ಸಾಫ್ಟ್‌ವೇರು ಮಾಡಿಸಿದ್ದ. ಹೆಸರು, ವಯಸ್ಸು ತುಂಬುವ ಖಾನೆಗಳು ಪ್ಯಾಕೇಜಿನಲ್ಲಿ ಸಿದ್ಧವಾಗಿಯೇ ಸಿಗುತ್ತಿದ್ದವು, ಜೋಡಿಸಿದರಾಯಿತು. ಅವನಿಗೆ ಬೇಕಾದ ಖಾನೆ ಮಾತ್ರ ಯಾವ ಪ್ಯಾಕೇಜಿನಲ್ಲೂ ಇರಲಿಲ್ಲ. ಜಾತಿಯ ಪಟ್ಟಿ ಬಿಚ್ಚಿಕೊಳ್ಳಬೇಕು; ಒಂದನ್ನು ಆರಿಸಿದೊಡನೆ ಪಕ್ಕದ ಕೆಲಸದ ಖಾನೆ ತಾನೇ ತುಂಬಿ ಬೀಗ ಬೀಳಬೇಕು. ಗುಮಾಸ್ತರು ಕನಿಕರಪಟ್ಟು ಕೆಲಸ ಬದಲಿಸಿಬಿಡುತ್ತಾರೆ ಎಂಬುದು ಅವನ ತಕರಾರು.

ಕಟ್ಟಿಕೊಟ್ಟವನು ನಾನು. ಮೂರು ವಾರ ಕೂತು, ನೀಲಿ ಅಂಚು ಹಾಕಿ, ಬೀಗ ಬಿದ್ದಾಗ ಬೀಪ್ ಅನ್ನುವ ಹಾಗೆ ಮಾಡಿದ್ದೆ. ಪಟ್ಟಿಯ ಕೊನೆಗೆ 'ಮಾದರ' ಎಂದು ಟೈಪು ಮಾಡಿ, ಅದರೆದುರು 'ಗಟರ್' ಎಂದು ಹೊಡೆದಾಗ ಬೆರಳು ನಡುಗಲಿಲ್ಲ. ಇವತ್ತಿಗೂ ನಾಚಿಕೆಯಾಗುವುದು ಅದಕ್ಕೇ.

ಅದನ್ನು ನಡೆಸಿ ತೋರಿಸಲು ಅವತ್ತು ನನ್ನ ಜೊತೆ ಬಂದಿದ್ದ ನಮ್ಮ ಮ್ಯಾನೇಜರು ಸತ್ಯಮೂರ್ತಿ ಮಾಟುಂಗದ ಬ್ರಾಹ್ಮಣರು. ಗದಿಗೆಪ್ಪ ಎಂಬ ನನ್ನ ಹೆಸರು ಕೇಳಿದ ದಿನವೇ "ಲಿಂಗಾಯತರು, ಅಲ್ವೇ? ಒಳ್ಳೇದಾಯ್ತು" ಎಂದು ತಮ್ಮ ಡಬ್ಬಿಯ ಪುಳಿಯೋಗರೆ ಹಂಚಿದ್ದರು. ನಾನು ಸುಮ್ಮನೆ ತಿಂದೆ. ಎರಡು ವರ್ಷದಿಂದ ತಿನ್ನುತ್ತಲೇ ಇದ್ದೆ.

"ಜಾತಿ ಯಾವ್ದು, ಬೊಗಳು," ಅಂದ ಖಂಡಪ್ಪ.

"ಮಾದರ್ರಿ. ಸಾಹೇಬ್ರ, ಇಟ್ಟಂಗಿ ಹೊರೂ ಕೆಲ್ಸಕ್ಕ ಹಚ್ರಿ. ನನ್ನ ಗಂಡ ಹ್ವಾದ ವರ್ಷ ಗಟರಿನ್ಯಾಗ ಉಸರು ಕಟ್ಟಿ ಸತ್ತಾನ್ರಿ."

ನಾನು ಆರಿಸಿದೆ. ಬೀಪ್. ಗಟರ್.

"ಬದ್ಲಿ ಮಾಡ್ರಿ ಯಪ್ಪಾ," ಎಂದಳು ನನಗೆ. ಗುರುತಿಲ್ಲದ ಸಾಹೇಬನಿಗೆ ಕೇಳುವ ಹಾಗೆ ಕೇಳಿದಳು. ಅವಳು ತಟ್ಟಿದ ರೊಟ್ಟಿ ತಿಂದು ಓದಿದವನು ನಾನು.

"ಅದು ಬದಲಾಗೋಲ್ಲಮ್ಮ. ನಮ್ಮ ಗದಿಗೆಪ್ಪ ಹಾಗೆ ಮಾಡಿದಾನೆ," ಎಂದು ಸತ್ಯಮೂರ್ತಿ ನನ್ನ ಬೆನ್ನು ತಟ್ಟಿದರು.

ಖಂಡಪ್ಪ ಅವಳನ್ನೇ ದಿಟ್ಟಿಸಿದ. "ಹಂಗ್ಯಾಕ ನೋಡ್ತಿ? ಇವ್ರ ಗುರ್ತ ಐತೇನು?"

"ಇಲ್ರಿ. ಮುಂಬೈದಾಗ ನಂಗ್ಯಾರೂ ಇಲ್ರಿ."

ನನ್ನ ಮಾನ ಕಾಯ್ದಳು. ನೆಲ ಬಾಯಿ ಬಿಡಬಾರದೆ ಅನ್ನಿಸಿತು.

"ಭೇಷ್! ಇನ್ನೊಂದು ಹೆಸರು ಹಾಕಿ ತೋರಸ್ರಿ," ಅಂದ ಖಂಡಪ್ಪ.

ಹಾಕಿದೆ. ಗದಿಗೆಪ್ಪ. ವಯಸ್ಸು ಇಪ್ಪತ್ತಾರು. ಪಟ್ಟಿ ಬಿಚ್ಚಿ ಕೊನೆಯ ಸಾಲಿಗೆ ಇಳಿದೆ. ಬೀಪ್.

ಬೆನ್ನ ಮೇಲಿದ್ದ ಕೈ ಹೋಯಿತು. "ಇದೇನಯ್ಯಾ ಹುಡುಗಾಟ? ಅಳಿಸು!" ಎಂದರು ಸತ್ಯಮೂರ್ತಿ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು.

"ಬದ್ಲಾಗೂದಿಲ್ರಿ ಸರ್," ಎಂದೆ. ಆಫೀಸಿನವರೆದುರು ಮೊದಲ ಸಲ ಮನೆಯ ಮಾತು ಬಂತು. "ನಾನೇ ಹಂಗ ಮಾಡೇನಿ."

ಟೈ ಬಿಚ್ಚಿ ಕೀಬೋರ್ಡಿನ ಮೇಲೆ ಎಸೆದು, "ಚಿಗವ್ವಾ!" ಎಂದು ಕೂಗಿದೆ.

ಅವಳು ಆಗಲೇ ಬುಟ್ಟಿ ಎತ್ತಿಕೊಂಡು ಗಟರಿನವರ ಸಾಲಿಗೆ ಹೋಗಿ ನಿಂತಿದ್ದಳು. ತಿರುಗಿ ನೋಡಲಿಲ್ಲ.