ಎದುರು ನೋಡುವ ಬೆಸ್

ಬೆಸ್ ದೇವರನ್ನು ಕೆತ್ತುವುದರಲ್ಲಿ ಇರುವ ತೊಡಕು ಒಂದೇ: ಅವನು ನೇರವಾಗಿ ಎದುರಿಗೆ ನೋಡುತ್ತಾನೆ. ನಮ್ಮ ಕಸುಬಿನಲ್ಲಿ ರಾಜ, ರಾಣಿ, ಬಾತುಕೋಳಿ ಎಲ್ಲರೂ ಪಕ್ಕಕ್ಕೆ ತಿರುಗಿಯೇ ಇರುತ್ತಾರೆ. ಹಲಗೆಯ ಮೇಲೆ ಕೆಂಪು ಗೆರೆಗಳಿಂದ ಚೌಕ ಹಾಕಿ, ಮೂಗಿಗೆ ಇಷ್ಟು, ಗಲ್ಲಕ್ಕೆ ಇಷ್ಟು ಎಂದು ಹಂಚಿಕೊಂಡರೆ ನನ್ನ ಉಳಿ ತಪ್ಪುವುದಿಲ್ಲ. ಆದರೆ ಮಲಗಿದವರನ್ನು ಕಾಯುವ ಈ ಕುಳ್ಳ ದೇವರು ಕೇಡು ಬರುವ ಕಡೆಗೇ ಮುಖ ಮಾಡಿ, ನಾಲಗೆ ಚಾಚಿ, ಅದನ್ನು ಓಡಿಸಬೇಕು. ಎದುರುಮುಖ ನನಗೆ ಒಲಿದಿರಲಿಲ್ಲ.

ನನ್ನ ಹೆಂಡತಿ ವೆಬ್ಖೆತ್‌ಗೆ ದಿನ ತುಂಬಿತ್ತು. ಅವಳ ತಾಯಿ ತಾಖತ್ ನದಿಯಾಚೆಯ ಪಟ್ಟಣದಿಂದ ದೋಣಿ ಹತ್ತಿ ಬಂದು, ಹೆರಿಗೆಯ ಕೋಣೆಗೆಂದು ನಾನು ಮಾಡಿಟ್ಟಿದ್ದ ಸಾಮಾನುಗಳನ್ನೆಲ್ಲ ಪರೀಕ್ಷಿಸಿದರು. ಕನ್ನಡಿಯ ಹಿಡಿಯಲ್ಲಿ ತಾವರೆಯ ದಂಟಿತ್ತು, ಒಪ್ಪಿದರು. ಕಾಡಿಗೆಯ ಕೊಳವೆಯನ್ನು ಕೆತ್ತಿದ ಕೋತಿಯೊಂದು ಅಪ್ಪಿಕೊಂಡಿತ್ತು, ಅದಕ್ಕೂ ತಲೆಯಾಡಿಸಿದರು. ಮಂಚದ ಕಾಲುಗಳ ಸಿಂಹದ ಪಂಜಗಳನ್ನು ತಟ್ಟಿ ನೋಡಿದರು. ಆಮೇಲೆ ನಾನು ಬೆಸ್‌ನನ್ನು ಕೆತ್ತಿದ್ದ ಕಾಲ್ದೆಸೆಯ ಹಲಗೆಯ ಮುಂದೆ ಕುಕ್ಕರಿಸಿದರು.

"ಅಳಿಯಂದ್ರೇ, ಇವನೇನು ಪಿಶಾಚೀನ ಓಡಿಸ್ತಾನಾ, ಇಲ್ಲ ಒಳಗೆ ಕರೆದು ಬಿಯರ್ ಕೊಡ್ತಾನಾ?"

"ಸ್ವಲ್ಪ ಮೃದುವಾಗಿದೆ, ಅತ್ತೆ."

"ಮೃದುವಾ? ಬೆಣ್ಣೆ ಆಗಿದೆ! ನಾಳೆ ದೋಣಿಗೆ ಮಗಳನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಅಲ್ಲಿನ ಬೆಸ್ ನೋಡಿದ್ರೆ ನಮ್ಮ ಕತ್ತೇನೇ ಹೆದರುತ್ತೆ."

ಹೆರುವ ಕೋಣೆಯೊಳಗೆ ಗಂಡಸಿಗೆ ಪ್ರವೇಶವಿಲ್ಲ, ನಿಜ. ಆದರೆ ಬಾಗಿಲ ಹೊರಗೆ ನಿಂತು ಮಗುವಿನ ಮೊದಲ ಅಳುವನ್ನು ಕೇಳಬಹುದು. ಆ ಅಳುವಿಗಾಗಿಯೇ ನಾನು ತಿಂಗಳುಗಳಿಂದ ಕಾದಿದ್ದೆ. ನದಿಯಾಚೆಗೆ ಹೋದರೆ ನನಗೆ ಬರುವುದು ಸುದ್ದಿ ಮಾತ್ರ.

ಹೊಸ ಹಲಗೆ ಹಿಡಿದೆ. ಕಂಚಿನ ಕನ್ನಡಿಯನ್ನು ಗೋಡೆಗೆ ಒರಗಿಸಿ, ಹಲ್ಲು ಕಿರಿದು, ಕಣ್ಣು ಹಿಗ್ಗಿಸಿ, ನನ್ನ ಮುಖವನ್ನೇ ನಕಲು ಮಾಡಿದೆ.

ವೆಬ್ಖೆತ್ ಹೊಟ್ಟೆ ಹಿಡಿದುಕೊಂಡು ಬಂದು ನೋಡಿದಳು. "ರೀ, ಇದು ಈರುಳ್ಳಿ ತಿಂದ ಮೇಕೆ ಥರ ಇದೆ!"

ಅಷ್ಟರಲ್ಲಿ ತಾಖತ್ ಒಲೆಯ ಕಡೆಯಿಂದ ನುಗ್ಗಿ ಬಂದರು. "ಬೇಳೆ ತುಂಬ ಮರದ ಹೊಟ್ಟು! ಬಸುರಿಗೆ ಇದನ್ನೇ ಬೇಯಿಸಿ ಹಾಕಲಾ?"

ಅವರು ನೇರವಾಗಿ ನನ್ನ ಎದುರಿಗೇ ನಿಂತಿದ್ದರು. ಹುಬ್ಬುಗಳು ಮೂಗಿನ ಬುಡದಲ್ಲಿ ಕೂಡಿದ್ದವು, ಹೊಳ್ಳೆಗಳು ಅರಳಿದ್ದವು, ಕೆನ್ನೆಗಳು ಸಮಪ್ರಮಾಣದಲ್ಲಿ ಉಬ್ಬಿದ್ದವು. ಇಷ್ಟು ವರ್ಷ ಹುಡುಕಿದ ಎದುರುಮುಖ ಮನೆಗೇ ಬಂದಿತ್ತು! ನನ್ನ ಉಳಿ ತಾನಾಗಿಯೇ ಚಲಿಸಿತು.

"ಅತ್ತೆ, ಇನ್ನೊಂದ್ಸಲ ಬೈಯಿರಿ."

"ಏನಂದ್ರಿ?"

"ತಪ್ಪು ನನ್ನದೇ. ಬೈಸಿಕೊಳ್ಳೋದು ನ್ಯಾಯ."

ಅವರು ಉದಾರವಾಗಿ ಬೈದರು. ಹುಬ್ಬು ಮುಗಿಯಿತು. ಕೆನ್ನೆಗಾಗಿ ಅವರ ಹೊಸ ಚಾಪೆಯ ಮೇಲೆ ಧೂಳಿನ ಕಾಲಿಟ್ಟೆ. ಹಲ್ಲುಗಳಿಗಾಗಿ ಅವರ ರೊಟ್ಟಿಯಲ್ಲಿ ಮರಳಿದೆ ಎಂದೆ. ಇನ್ನು ಉಳಿದಿದ್ದು ನಾಲಗೆ. ಧೈರ್ಯ ಒಟ್ಟುಗೂಡಿಸಿಕೊಂಡು, "ನಿಮ್ಮ ಪಟ್ಟಣದ ಬಿಯರು ಬರೀ ನೀರಂತೆ," ಎಂದೆ.

ತಾಖತ್ ನಾಲಗೆಯನ್ನು ಗಲ್ಲದವರೆಗೆ ಚಾಚಿ ಅಣಕಿಸಿದರು. ಅದ್ಭುತ!

ಸಂಜೆಯ ಹೊತ್ತಿಗೆ ಸಿಂಹದ ಕೇಸರ, ದುಂಡನೆಯ ಕಿವಿ, ತಲೆಯ ಮೇಲೆ ಗರಿಗಳು ಸೇರಿದವು. ಹಲಗೆಯನ್ನು ಮಂಚಕ್ಕೆ ಕೂಡಿಸಿದೆ. ಪಕ್ಕದ ಮನೆಯ ಕೆತ್ತುಗಾರ ಕೆನ್ನ ಇಣುಕಿದವನು ಹೊಸ್ತಿಲ ಮೇಲೆಯೇ ಕುಸಿದು ಕುಳಿತ. "ಅಯ್ಯೋ ಮಾರಾಯ! ನಿಮ್ಮತ್ತೆ!"

"ಮೆಲ್ಲಗೆ!"

ವೆಬ್ಖೆತ್ ನೋಡಿದಳು. ಬಾಯಿಗೆ ಸೆರಗು ತುರುಕಿಕೊಂಡಳು. "ಅಮ್ಮ ನೋಡಿದ್ರೆ ನಾನು ನಾಳೆಯಲ್ಲ, ಈಗ್ಲೇ ದೋಣಿ ಹತ್ತಬೇಕು, ರೀ."

ಅದೇ ಗಳಿಗೆಯಲ್ಲಿ ತಾಖತ್ ಗಂಟು ಕಟ್ಟಿಕೊಂಡು ಒಳಗೆ ಬಂದರು. ಹಲಗೆಯ ಎದುರು ನಿಂತರು. ಎರಡು ಮುಖಗಳು ಒಂದನ್ನೊಂದು ದಿಟ್ಟಿಸಿದವು. ಒಂದಕ್ಕೆ ಗರಿಯಿತ್ತು, ಇನ್ನೊಂದಕ್ಕೆ ಇರಲಿಲ್ಲ, ವ್ಯತ್ಯಾಸ ಅಷ್ಟೇ.

"ಅಬ್ಬಾ!" ಎಂದರು ತಾಖತ್. "ನಮ್ಮಕ್ಕ ಮೆರುತ್! ಅದೇ ಮೂಗು, ಅದೇ ಕೊಬ್ಬು! ಅವಳನ್ನ ಎಲ್ಲಿ ನೋಡಿದ್ರಿ, ಅಳಿಯಂದ್ರೇ? ಈ ಮೂತಿ ಇರೋ ಕಡೆ ಯಾವ ಪಿಶಾಚಿ ಬರುತ್ತೆ!"

ವೆಬ್ಖೆತ್ ಬಾಯಿಂದ ಸೆರಗು ಜಾರಿತು. ನಕ್ಕಳು. ಕೆನ್ನ ನೆಲದ ಮೇಲೆ ಉರುಳಿ ನಕ್ಕ. ತಮ್ಮ ಮಾತಿನ ಚಮತ್ಕಾರಕ್ಕೇ ನಗುತ್ತಿದ್ದಾರೆಂದು ಹಿಗ್ಗಿ ತಾಖತ್ ಅಕ್ಕನ ನಡಿಗೆಯನ್ನೂ ಮಾಡಿ ತೋರಿಸಿದರು. ಹೆಂಡತಿ ನಗುತ್ತ ನಗುತ್ತ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದಳು.

"ಅಮ್ಮಾ… ಶುರುವಾಯ್ತು!"

ಗಂಟು ಒಂದು ಮೂಲೆಗೆ ಹೋಯಿತು. ನಾನು ಮತ್ತು ಕೆನ್ನ ಬೀದಿಗೆ ಹೋದೆವು. ಹೆರುವವಳು ಕಾಲಿಟ್ಟು ಕೂರುವ ಇಟ್ಟಿಗೆಗಳನ್ನು ಹೊತ್ತು ಸೂಲಗಿತ್ತಿ, ನೆರೆಯ ಹೆಂಗಸರು ಎಲ್ಲರೂ ಒಳಗೆ ಧಾವಿಸಿದರು. ಒಳಗಿಂದ ನರಳಾಟ, ನಗು, ತಾಖತ್ ಅವರ ಆಜ್ಞೆಗಳು ಸರದಿ ತಪ್ಪಿ ಕೇಳಿಬರುತ್ತಿದ್ದವು. ಆಮೇಲೆ ಎಲ್ಲ ದನಿಗಳ ಮೇಲೆ ತೆಳ್ಳನೆಯ, ಸಿಟ್ಟಿನ, ಅತ್ಯಂತ ಸ್ಪಷ್ಟವಾದ ಒಂದು ಅಳು ಎದ್ದಿತು. ನಾನು ಬೀದಿಯಲ್ಲಿ ಕಟ್ಟಿದ್ದ ಕತ್ತೆಯ ಕೊರಳನ್ನು ತಬ್ಬಿ ಕುಣಿದೆ.

ತಾಖತ್ ಬಾಗಿಲಿಗೆ ಬಂದರು. "ಹೆಣ್ಣು. ಗಂಟಲು ನನ್ನದೇ. ಹಲ್ಲು ಬರೋವರೆಗೂ ನಾನಿಲ್ಲೇ ಇರ್ತೀನಿ."

ಕೆನ್ನ ನನ್ನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ: "ನನ್ನ ಹೆಂಡ್ತಿಗೂ ಮುಂದಿನ ತಿಂಗಳು. ನಮ್ಮತ್ತೆ ಬಹಳ ಸಾಧು ಕಣೋ, ಅವರಿಂದೇನೂ ಆಗಲ್ಲ. ನಿಮ್ಮತ್ತೇನ ಒಂದು ಬೆಳಗ್ಗೆ ಮಟ್ಟಿಗೆ ಕಡ ಕೊಡ್ತೀಯಾ?"