ಟಫ್ ಜನ

ಚಂಡಮಾರುತ ಡೊಮಿನಿಕಾ ದ್ವೀಪದ ಆ ಊರಿನ ಚಾವಣಿಗಳನ್ನೆಲ್ಲ ಕಿತ್ತೊಯ್ದಿತ್ತು. ಹಾನಿ ನೋಡಲು ಬರುವ ಸರ್ಕಾರಿ ಇನ್‌ಸ್ಪೆಕ್ಟರ್ ಯಾವ ಬಾಗಿಲಿಗೆ ಕೆಂಪು ಸೀಮೆಸುಣ್ಣದ ಗುರುತು ಹಾಕುತ್ತಾನೋ ಆ ಮನೆಗೆ ಮೊದಲು ಚಾವಣಿಯ ತಗಡು ಎಂದು ಸುದ್ದಿ. ಅವನು ಬರುತ್ತಾನೆಂದು ತಿಳಿದದ್ದೇ ತಡ, ಯೂಲಾಲಿ ಮುಂದಿನ ಕೋಣೆಯ ನೆಲ ತೊಳೆಸಿ, ಕಸೂತಿಯ ಮೇಜುಬಟ್ಟೆ ಹಾಸಿ, ಚರ್ಚಿಗೆ ಹೋಗುವ ಉಡುಪು ತೊಟ್ಟು ಕೂತಳು. ಸೊಸೆ ವರ್ಲಿನ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತಲೆಯ ಮೇಲೆ ಟಾರ್ಪಾಲು ಪಟಪಟ ಬಡಿದುಕೊಳ್ಳುತ್ತಿತ್ತು. ಮೋಡ ಮತ್ತೆ ಕಟ್ಟುತ್ತಿತ್ತು.

ಇನ್‌ಸ್ಪೆಕ್ಟರ್ ಬಂದು, ಕೋಕೋ ಚಹಾ ಹೀರುತ್ತ ಮೇಜುಬಟ್ಟೆಯನ್ನೇ ನೋಡಿದ. “ನೀವು ಟಫ್ ಜನ ಬಿಡಿ, ಅಜ್ಜಿ. ಇನ್ನೊಂದಷ್ಟು ದಿನ ತಡ್ಕೋತೀರಿ,” ಎಂದು ಸೀಮೆಸುಣ್ಣವನ್ನು ಜೇಬಿಗಿಳಿಸಿದ.

“ದೇವರು ನಡೆಸ್ತಾನಪ್ಪ,” ಎಂದಳು ಯೂಲಾಲಿ.

ವರ್ಲಿನ್ ಬಾಗಿಲಿಗೆ ಅಡ್ಡ ನಿಂತಳು. “ಟಫ್ ಅಂದ್ರೆ ಏನು ಸಾರ್? ಎಲ್ರಿಗೂ ಕೊಟ್ಟು ಉಳಿದ್ರೆ ನಮಗೆ ಅಂತಾನಾ? ಒಳಗೆ ಬಂದು ಅತ್ತೆ ಹಾಸಿಗೆ ಹಿಂಡಿ ನೋಡಿ.”

“ಬಂದವರ ಎದುರು ಮರ್ಯಾದೆ ತೆಗೀಬೇಡ ಕಣೇ.”

“ಮರ್ಯಾದೆ ಹೊದ್ಕೊಂಡು ಮಲಗೋಕಾಗುತ್ತಾ, ಅತ್ತೆ?”

ಅಷ್ಟರಲ್ಲಿ ಒಳಗೆ ಮಲಗಿದ್ದ ವರ್ಲಿನ್‌ಳ ಕೂಸಿಗೆ ಕೆಮ್ಮು ಹತ್ತಿತು. ಅದು ಉಸಿರಿಗಾಗಿ ಒದ್ದಾಡುವುದು ಮೂವರಿಗೂ ಕೇಳಿಸಿತು. ವರ್ಲಿನ್ ಓಡಿದಳು. ಯೂಲಾಲಿ ಮೇಜುಬಟ್ಟೆಯ ಅಂಚನ್ನು ಒಮ್ಮೆ ನೀವಿ, ಕೈ ಚಾಚಿ ಇನ್‌ಸ್ಪೆಕ್ಟರನ ಲೋಟವನ್ನು ಇಸಿದುಕೊಂಡಳು.

“ಟಫ್ ಏನಿಲ್ಲಪ್ಪ, ಬಾಯಿ ಮುಚ್ಕೊಂಡಿದ್ವಿ ಅಷ್ಟೆ. ಗುರುತು ಹಾಕು. ಚಹಾ ಆಮೇಲೆ ಕುಡಿಯುವಿಯಂತೆ.”