ಮೊಟ್ಟೆಸಿಪ್ಪೆಯ ಪುಡಿ

ಪಕ್ಕದ ಸೀಟಿನ ಹೆಂಗಸು ಒಣಮೊಸರಿನ ಉಂಡೆಯನ್ನು ಕಟಕ್ಕೆಂದು ಕಡಿಯುತ್ತಾಳೆ, ಹುಳಿವಾಸನೆ ಮೂಗಿಗೆ ಬಡಿಯುತ್ತದೆ, ತಗೊಳ್ಳಿ ಅಕ್ಕ, ನೀವೂ ಒಂದು, ಬೇಡಮ್ಮ, ನಂಗೆ ಆಗಲ್ಲ, ಕಿರ್ಗಿಜ್ ಹೆಂಗಸಿಗೆ ಇದು ಆಗಲ್ವಾ ಎಂದು ನಗುತ್ತಾಳೆ, ಮದುವೆಯಾದಾಗಿನಿಂದ ಕೇಳುತ್ತ ಬಂದ ಅದೇ ನಗು — ವ್ಯಾನು ಕೊಚ್ಕೋರ್ ದಾಟಿ ನಮ್ಮೂರು ಬಾಲಿಕ್ಚಿಯ ಕಡೆ ಇಳಿಯುತ್ತಿದೆ, ತೊಡೆಯ ಮೇಲೆ ಚೀಲ, ಚೀಲದಲ್ಲಿ ಜಾಡಿ, ಮಗಳಿಗೆಂದು ತುಂಬಿ ಒಯ್ದದ್ದು, ತುಂಬಿದಂತೆಯೇ ವಾಪಸು. ಹೊಸ ಸೊಸೆಯಾಗಿದ್ದಾಗ ಬೇಸಿಗೆಯ ಬಿಡಾರದಲ್ಲಿ ಅತ್ತೆ ಬಾತ್ಮಾ ಬಟ್ಟಲು ತುಂಬ ಹಾಲು ಕೊಟ್ಟರು, ಕುಡಿದೆ, ಮೂರು ದಿನ ಹೊಟ್ಟೆ ಹಿಡಿದುಕೊಂಡು ಬಂಡೆಯ ಮರೆಗೆ ಓಡಿದೆ, ಇವಳ ಹೊಟ್ಟೇಲಿ ಅದೇನು ಹಾವು ಸೇರ್ಕೊಂಡಿದೆಯೋ, ಹಾಲು ಕಂಡ್ರೆ ಹೊರಳಾಡುತ್ತೆ, ಅತ್ತೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು, ನಾನು ಚಹಾ ಬಗ್ಗಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಮೂರು ಮಕ್ಕಳು, ಒಂದೊಂದು ಬಸುರಿಗೆ ಒಂದೊಂದು ಹಲ್ಲು ಉದುರಿತು. ನಲವತ್ತೊಂಬತ್ತಕ್ಕೆ ಹಿಮದಲ್ಲಿ ಜಾರಿ ಕೈ ಊರಿದೆ, ಮಣಿಕಟ್ಟು ಪಟ್ಟೆಂದಿತು. ಹಾಲು ಕುಡಿತೀರಾ ಎಂದಳು ಡಾಕ್ಟರಮ್ಮ, ಇಲ್ಲ ಎಂದು ಬೈಗುಳಕ್ಕೆ ತಲೆ ತಗ್ಗಿಸಿದೆ, ಅವಳು ಬೈಯಲಿಲ್ಲ, ಆಗದಿದ್ರೆ ಬಿಡಿ ಝಿಪಾರ್ ಅವರೇ, ಕ್ಯಾಲ್ಸಿಯಂ ಹಾಲಲ್ಲಿ ಮಾತ್ರಾನಾ ಇರೋದು, ಎಳ್ಳು ತಿನ್ನಿ, ಸೊಪ್ಪು ತಿನ್ನಿ, ಸಣ್ಣ ಒಣಮೀನು ಮುಳ್ಳು ಸಮೇತ ಅಗೀರಿ, ಮೊಟ್ಟೆಸಿಪ್ಪೆ ಚೆನ್ನಾಗಿ ಕುದಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿ, ನಿಂಬೆರಸದಲ್ಲಿ ದಿನಾ ಅರ್ಧ ಚಮಚ. ಇಷ್ಟೇ. ಇಷ್ಟನ್ನು ಹೇಳುವವರು ಅಷ್ಟು ವರ್ಷ ಒಬ್ಬರೂ ಇರಲಿಲ್ಲ. ಸರೋವರದ ದಡದ ಊರು ನಮ್ಮದು, ಮನೆ ಮುಂದೆಲ್ಲ ಮೀನು ಒಣಹಾಕಿದ ಹಗ್ಗ, ಅದರ ಕೆಳಗೇ ಓಡಾಡುತ್ತ ಎಲುಬು ಸವೆಸಿಕೊಂಡೆ, ಮುಳ್ಳನ್ನೆಲ್ಲ ಬಿಡಿಸಿ ಬೆಕ್ಕಿಗೆ ಹಾಕಿದೆ.

ಆಮೇಲೆ ಮಗಳು ಐಝಿರೆಕ್‌ಳ ಫೋನು, ಅಮ್ಮಾ, ರೊಟ್ಟಿ ಕಚ್ಚಿದೆ, ಹಲ್ಲು ಮುರೀತು, ಏಳು ತಿಂಗಳ ಬಸುರಿ, ಕಾಲು ಸೆಟೆದುಕೊಳ್ಳುತ್ತೆ ಅಮ್ಮಾ, ಅತ್ತೆ ದಿನಾ ಎದುರಿಗೆ ಕೂತು ಹಾಲು ಕುಡಿಸ್ತಾರೆ, ಕುಡಿದು ಹಿತ್ತಲಿಗೆ ಹೋಗಿ ಕಕ್ತೀನಿ. ನನ್ನ ಹೊಟ್ಟೆಯೇ ಅವಳಿಗೂ ಬಂದಿದೆ. ಆಗಲ್ಲ ಅಂತ ಹೇಳೇ, ಹೇಗೆ ಹೇಳ್ಲಿ, ಎಂಥ ಸೊಸೆ ತಂದೆವು ಅಂತಾರೆ. ಎರಡು ವಾರ ಅಕ್ಕಪಕ್ಕದ ಮನೆಗಳಿಂದಲೂ ಸಿಪ್ಪೆ ಕೇಳಿ ತಂದೆ, ಕುದಿಸಿದೆ, ಒಣಗಿಸಿದೆ, ಮುರಿದು ಕೂಡಿದ ಈ ಕೈಯಲ್ಲೇ ಬೀಸಿ ಎರಡು ಸಲ ಬಟ್ಟೆಯಲ್ಲಿ ಸೋಸಿದೆ, ನಾಲಿಗೆಗೆ ಒರಟು ಹತ್ತಬಾರದಲ್ಲ. ಇವತ್ತು ಆ ಮನೆಯಲ್ಲಿ ಎಂಟು ಜನ ಹೆಂಗಸರು ಊಟದ ಹಾಸಿನ ಸುತ್ತ ಕೂತಿದ್ದರು, ಬೀಗಿತ್ತಿ ಬುರ್ಮಾಕಾನ್ ಜಾಡಿ ತೆರೆದು ಮೂಸಿದಳು, ಇದೇನು ಬೀಗಿತ್ತಿ, ಗೋಡೆಗೆ ಬಳಿಯೋ ಸುಣ್ಣಾನಾ, ಅಲ್ಲಮ್ಮ, ಮೊಟ್ಟೆಸಿಪ್ಪೆ, ಎಲುಬಿಗೆ ಒಳ್ಳೇದಂತೆ, ಡಾಕ್ಟರು ಹೇಳಿದ್ರು, ಓ, ನಮ್ಮ ಕೋಳಿಗಳಿಗೂ ಇದನ್ನೇ ಹಾಕೋದು ನಾವು — ಎಂಟು ಜನವೂ ನಕ್ಕರು, ಒಬ್ಬಳಿಗಂತೂ ಕೆಮ್ಮೇ ಬಂತು — ಹನ್ನೆರಡು ಹಸು ಕಟ್ಟಿರೋ ಮನೆ ಇದು, ಸೊಸೆ ಸಿಪ್ಪೆ ನೆಕ್ಕಿದ್ಲು ಅಂದ್ರೆ ಜನ ಏನಂತಾರೆ, ತಗೊಂಡ್ಹೋಗಿ ನಿಮ್ಮ ಕೋಳಿಗೇ ಹಾಕಿ, ಎಂದು ಮುಚ್ಚಳ ತಿರುಗಿಸಿ ತಾನೇ ನನ್ನ ಚೀಲಕ್ಕಿಟ್ಟಳು, ಬಟ್ಟಲು ತುಂಬ ಹಾಲು ಬಗ್ಗಿಸಿ ಐಝಿರೆಕ್‌ಳ ಮುಂದೆ ಹಿಡಿದಳು. ಮಗಳು ಕೈ ಚಾಚಲಿಲ್ಲ. ಮೊದಲ ಸಲ, ನಾನಿದ್ದೇನೆಂಬ ಧೈರ್ಯಕ್ಕೆ, ಚಾಚಲಿಲ್ಲ. ನೀವೇ ಹೇಳಿ ಬೀಗಿತ್ತಿ, ನಿಮ್ಮ ಮಾತಾದ್ರೂ ಕೇಳ್ತಾಳೋ ನೋಡೋಣ. ಎಂಟು ಮುಖಗಳು ನನ್ನತ್ತ ತಿರುಗಿದವು, ಅವಳಿಗದು ಆಗಲ್ಲ ಅನ್ನಬೇಕಿತ್ತು, ಅಷ್ಟೇ ಮಾತು, ಅದನ್ನು ಬಿಟ್ಟು ಕುಡಿಯೇ, ಅಂದೆ. ನಾನೇ ಅಂದೆ, ಬಾತ್ಮಾ ಅತ್ತೆಯ ದನಿಯಲ್ಲಿ, ದೊಡ್ಡೋರು ಕೊಟ್ಟಿದ್ದು ಕುಡೀಬೇಕು ಅಂತ ಬೇರೆ ಸೇರಿಸಿದೆ, ಬುರ್ಮಾಕಾನ್‌ಗೆ ಖುಷಿಯಾಯಿತು, ನನಗೆ ಮಾಂಸದ ದೊಡ್ಡ ತುಂಡು ಬಡಿಸಿದಳು, ತಿಂದೆ. ಐಝಿರೆಕ್ ಬಟ್ಟಲೆತ್ತಿದಳು, ಬಾಯಿ ಮುಚ್ಚಿಹೋಯಿತು, ಮೂಗು ಮುಚ್ಚಿಹೋಯಿತು, ಅಂಚಿನ ಮೇಲೆ ಎರಡು ಕಣ್ಣು — ಅಕ್ಕ, ಕಿಟಕಿ ಮುಚ್ಚಲಾ, ಧೂಳು, ಪಕ್ಕದ ಸೀಟಿನವಳು, ಹ್ಞೂಂ ಮುಚ್ಚಿ — ನಾಳೆ ಫೋನ್ ಮಾಡ್ತೀನಿ, ಮಾಡಿ ಏನು ಹೇಳಲಿ, ಹೊಟ್ಟೆ ಹೇಗಿದೆ ಎಂದು ಯಾವ ಬಾಯಲ್ಲಿ ಕೇಳಲಿ, ಗುಟುಕು ಗುಟುಕಿಗೂ ಗಂಟಲು ಏರಿ ಇಳಿಯುತ್ತದೆ, ಬಟ್ಟಲು ಇಳಿಯುವುದಿಲ್ಲ, ಬಿಳಿಯ ಅಂಚು, ಅದರ ಮೇಲೆ ನನ್ನನ್ನೇ ನೋಡುತ್ತ, ರೆಪ್ಪೆ ಬಡಿಯದ ಎರಡು ಕಣ್ಣು, ಎರಡು ಕಣ್ಣು.